ಲೋಜ್ಬಾನ್ ಭಾಷೆಯಲ್ಲಿ ‘ಮತ್ತು’, ‘ಅಥವಾ’, ‘ಬಂದರೆ’ ಹೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೆಲಸದ ಜಾಹೀರಾತಿನಲ್ಲಿ ‘ಬಿ.ಎ. ಅಥವಾ ಬಿ.ಕಾಂ. ಆದವರು ಅರ್ಜಿ ಹಾಕಬಹುದು’ ಅಂತ ಇರುತ್ತದೆ. ಎರಡೂ ಡಿಗ್ರಿ ಇದ್ದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಹೋಟೆಲಿನ ಬೋರ್ಡಿನಲ್ಲಿ ‘ಊಟದ ಜೊತೆ ಮೊಸರು ಅಥವಾ ಮಜ್ಜಿಗೆ’ ಅಂತ ಇರುತ್ತದೆ. ಅಲ್ಲಿ ಎರಡೂ ಕೇಳಿದರೆ ಇನ್ನೊಂದಕ್ಕೆ ಬೇರೆ ದುಡ್ಡು. ಪದ ಒಂದೇ, ಲೆಕ್ಕ ಬೇರೆ. ಸಂದರ್ಭ ನೋಡಿ ನಾವು ಸರಿಯಾದದ್ದನ್ನು ಹಿಡಿದುಕೊಳ್ಳುತ್ತೇವೆ. ಲೋಜ್ಬಾನ್‌ನಲ್ಲಿ ಹಾಗೆ ಸಂದರ್ಭಕ್ಕೆ ಬಿಡಲು ಆಗುವುದಿಲ್ಲ. ಯಾವ ‘ಅಥವಾ’ ಎಂದು ಮಾತಾಡುವವರೇ ಹೇಳಬೇಕು.

ಲೋಜ್ಬಾನ್ ಬೇಕೆಂದೇ ಕಟ್ಟಿದ ಭಾಷೆ. ಅದರ ಬೇರು ಲೋಗ್ಲಾನ್ ಎಂಬ ಇನ್ನೊಂದು ಭಾಷೆಯಲ್ಲಿದೆ. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಅದನ್ನು ಶುರು ಮಾಡಿದರು. ನಾವಾಡುವ ಭಾಷೆ ನಮ್ಮ ಯೋಚನೆಯನ್ನು ರೂಪಿಸುತ್ತದೆಯೇ ಎಂದು ಪರೀಕ್ಷಿಸುವುದು ಅವರ ಗುರಿಯಾಗಿತ್ತು. 1987ರಲ್ಲಿ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ ಬೇರೆಯಾಗಿ, ಅದೇ ತತ್ವದ ಮೇಲೆ ಲೋಜ್ಬಾನ್ ಕಟ್ಟಿತು. ಮೂಲ ಪದಗಳನ್ನು ಚೀನೀ, ಹಿಂದಿ, ಇಂಗ್ಲಿಷ್, ರಷ್ಯನ್, ಸ್ಪ್ಯಾನಿಷ್, ಅರಬ್ಬಿ ಈ ಆರು ಭಾಷೆಗಳ ದನಿಗಳನ್ನು ಬೆರೆಸಿ ಮಾಡಿದ್ದಾರೆ. ತರ್ಕದ ಜೋಡಣೆಪದಗಳ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ಭಾಷೆಯನ್ನು ನಾನು ಬೇರೆ ನೋಡಿಲ್ಲ. ನಿಮ್ಮದೇ ಭಾಷೆ ಕಟ್ಟುವ ಆಸೆ ಇದ್ದರೂ ಮೊದಲು ಇದನ್ನು ಕಲಿಯಿರಿ ಎನ್ನುತ್ತೇನೆ.

ಓದುವ ಮುನ್ನ ಒಂದು ಮಾತು. ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಲೋಜ್ಬಾನ್‌ನಲ್ಲಿ ಬರೆದಂತೆ ಓದು, ಹಾಗಾಗಿ ನಮ್ಮ ಲಿಪಿ ಚೆನ್ನಾಗಿಯೇ ಹೊಂದುತ್ತದೆ. ನಿಘಂಟಿನಲ್ಲಿ ಹುಡುಕುವಾಗ ಮಾತ್ರ ರೋಮನ್ ಅಕ್ಷರ ಬೇಕು. ಇಲ್ಲಿ ‘ಶ’ ಇದ್ದಲ್ಲಿ ಅಲ್ಲಿ ಸಿ, ‘ಚ’ ಇದ್ದಲ್ಲಿ ಟಿ-ಸಿ, ‘ಖ’ ಇದ್ದಲ್ಲಿ ಎಕ್ಸ್. ಎರಡು ಸ್ವರಗಳ ನಡುವಿನ ‘ಹ’ ಅಂದರೆ ಮೇಲುಚುಕ್ಕೆಯಂಥ ಅಪಾಸ್ಟ್ರಫಿ. ‘ಖ’ವನ್ನು ಗಂಟಲಿನಿಂದ ಒರಟಾಗಿ ಹೇಳಬೇಕು. ‘ಜ’ವನ್ನು ‘ಶ’ ಹೇಳುವ ಜಾಗದಲ್ಲೇ ನಾಲಗೆ ಇಟ್ಟು ಮೃದುವಾಗಿ ಹೇಳಬೇಕು.

ಹಂತ 1: ಪದ ಹುಡುಕಬೇಡಿ, ನಾಲ್ಕು ಸಾಲು ಬರೆಯಿರಿ

ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ‘ನಾನು ಟೀ ಕುಡಿಯುತ್ತೇನೆ’, ‘ನಾನು ಕಾಫಿ ಕುಡಿಯುತ್ತೇನೆ’ ಎಂಬ ಎರಡು ಮಾತು ತೆಗೆದುಕೊಳ್ಳಿ. ಇವುಗಳಿಂದ ನಾಲ್ಕೇ ಪರಿಸ್ಥಿತಿ ಬರಲು ಸಾಧ್ಯ:

ಎರಡೂ ಕುಡಿದೆ.
ಟೀ ಮಾತ್ರ ಕುಡಿದೆ.
ಕಾಫಿ ಮಾತ್ರ ಕುಡಿದೆ.
ಎರಡೂ ಕುಡಿಯಲಿಲ್ಲ.

ಈಗ ನೀವು ಹೇಳಬೇಕೆಂದಿರುವ ವಾಕ್ಯ ಪ್ರತಿಯೊಂದು ಪರಿಸ್ಥಿತಿಯಲ್ಲೂ ಸರಿಯೋ ತಪ್ಪೋ ನೋಡಿ. ಸರಿಯಾದರೆ ‘ಸ’, ತಪ್ಪಾದರೆ ‘ತ’. ‘ಟೀನೂ ಕಾಫೀನೂ ಕುಡೀತೀನಿ’ ಅಂದರೆ ಮೊದಲ ಸಾಲಿನಲ್ಲಿ ಮಾತ್ರ ಸರಿ: ಸತತತ. ಜಾಹೀರಾತಿನ ‘ಅಥವಾ’ ಆದರೆ ಸಸಸತ. ಹೋಟೆಲಿನ ‘ಅಥವಾ’ ಆದರೆ ತಸಸತ. ಸಾಲುಗಳ ಕ್ರಮವನ್ನು ಯಾವಾಗಲೂ ಹೀಗೇ ಇಟ್ಟುಕೊಳ್ಳಿ, ಆಗ ಮುಂದಿನದೆಲ್ಲ ಸಲೀಸು.

ನಾಲ್ಕು ಸಾಲು, ಪ್ರತಿ ಸಾಲಿಗೂ ಎರಡು ಆಯ್ಕೆ. ಒಟ್ಟು 16 ಬಗೆ. ‘ಸಸಸಸ’ ಮತ್ತು ‘ತತತತ’ ಏನನ್ನೂ ತಿಳಿಸುವುದಿಲ್ಲ, ಏಕೆಂದರೆ ಒಂದು ಯಾವಾಗಲೂ ಸರಿ, ಇನ್ನೊಂದು ಯಾವಾಗಲೂ ತಪ್ಪು. ಉಳಿದ 14ನ್ನೂ ಲೋಜ್ಬಾನ್‌ನಲ್ಲಿ ನೇರವಾಗಿ ಹೇಳಬಹುದು.

ಹಂತ 2: ನಾಲ್ಕು ಸ್ವರ ಬಾಯಿಪಾಠ ಮಾಡಿ

14 ಪದ ನೆನಪಿಡಬೇಕಾಗಿಲ್ಲ. ಸ್ವರ ನಾಲ್ಕೇ:

ಅ: ಸಸಸತ, ಕನಿಷ್ಠ ಒಂದಾದರೂ ನಿಜ.
ಎ: ಸತತತ, ಎರಡೂ ನಿಜ.
ಒ: ಸತತಸ, ಎರಡೂ ನಿಜ ಅಥವಾ ಎರಡೂ ಸುಳ್ಳು. ಒಂದಿದ್ದರೆ ಇನ್ನೊಂದು, ಇಲ್ಲದಿದ್ದರೆ ಇಲ್ಲ.
ಉ: ಸಸತತ, ಮೊದಲನೆಯದು ನಿಜ. ಎರಡನೆಯದು ಹೇಗಾದರೂ ಇರಲಿ.

ಮಿ ಪಿನ್ಖೆ ಲೊ ಚತಿ ಎ ಲೊ ಶ್ಕಫಿ.
ನಾನು ಟೀಯನ್ನೂ ಕಾಫಿಯನ್ನೂ ಕುಡಿಯುತ್ತೇನೆ.

‘ಮಿ’ ಅಂದರೆ ನಾನು, ‘ಪಿನ್ಖೆ’ ಕುಡಿ, ‘ಚತಿ’ ಟೀ, ‘ಶ್ಕಫಿ’ ಕಾಫಿ. ‘ಲೊ’ ಬಂದರೆ ಮುಂದಿನ ಪದ ಹೆಸರಿನಂತೆ ನಿಲ್ಲುತ್ತದೆ. ಸ್ವರಕ್ಕೆ ಮುಂಚೆ ಉಸಿರು ಚೂರು ತಡೆಯಿರಿ. ‘ಚತಿಎ’ ಎಂದು ಅಂಟಿಸಿದರೆ ಕೇಳುವವರಿಗೆ ಬೇರೆ ಪದದಂತೆ ಕೇಳುತ್ತದೆ.

‘ಉ’ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಎರಡನೆಯದರ ಬಗ್ಗೆ ಏನೂ ಹೇಳದ ಜೋಡಣೆಪದ ಯಾಕೆ ಬೇಕು? ಆದರೆ ಕನ್ನಡಿಗರಿಗೆ ಇದು ದಿನದ ಮಾತು: ‘ಮಳೆ ಬರಲಿ ಬಿಡಲಿ, ನಾನು ಬರ್ತೀನಿ’. ಆ ‘ಬರಲಿ ಬಿಡಲಿ’ಯೇ ‘ಉ’.

ಹಂತ 3: ನ, ನೈ, ಸೆ ಸೇರಿಸಿ

ಸ್ವರಕ್ಕೆ ಮುಂಚೆ ‘ನ’ ಬಂದರೆ ಮೊದಲ ಮಾತು ತಿರುಗುಮುರುಗು. ಸ್ವರದ ನಂತರ ‘ನೈ’ ಬಂದರೆ ಎರಡನೇ ಮಾತು ತಿರುಗುಮುರುಗು. ಸ್ವರಕ್ಕೆ ಮುಂಚೆ ‘ಸೆ’ ಬಂದರೆ ಎರಡೂ ಜಾಗ ಅದಲುಬದಲು.

ಲೊ ಚತಿ ಎನೈ ಲೊ ಶ್ಕಫಿ: ಟೀ ಹೌದು, ಕಾಫಿ ಇಲ್ಲ. ತಸತತ.
ಲೊ ಚತಿ ನ ಎ ಲೊ ಶ್ಕಫಿ: ಟೀ ಇಲ್ಲ, ಕಾಫಿ ಹೌದು. ತತಸತ.
ಲೊ ಚತಿ ನ ಎನೈ ಲೊ ಶ್ಕಫಿ: ಎರಡೂ ಇಲ್ಲ. ತತತಸ.
ಲೊ ಚತಿ ಒನೈ ಲೊ ಶ್ಕಫಿ: ಎರಡರಲ್ಲಿ ಒಂದು, ಒಂದೇ. ತಸಸತ.

ಕೊನೆಯದೇ ಹೋಟೆಲಿನ ‘ಅಥವಾ’. ಜಾಹೀರಾತಿನದು ಬರೀ ‘ಅ’. ಕನ್ನಡದ ‘ಅಥವಾ’ಕ್ಕೆ ಎದುರಾಗಿ ‘ಅ’ ಎಂದು ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ಹಾಕುವವರು ಜಾಸ್ತಿ. ನಾಲ್ಕು ಸಾಲು ಬರೆದರೆ ಆ ಗೊಂದಲವೇ ಹುಟ್ಟುವುದಿಲ್ಲ.

‘ಸೆ’ಯನ್ನು ‘ಉ’ ಜೊತೆ ಬಿಟ್ಟರೆ ಬೇರೆ ಕಡೆ ಬಳಸುವ ಅಗತ್ಯ ಕಡಿಮೆ. ಲೆಕ್ಕ ಹೀಗಿದೆ: ‘ಅ’ಯಿಂದ ನಾಲ್ಕು, ‘ಎ’ಯಿಂದ ನಾಲ್ಕು, ‘ಒ’ಯಿಂದ ಎರಡು, ‘ಉ’ಯಿಂದ ‘ಸೆ’ ಸೇರಿಸಿ ನಾಲ್ಕು. ಒಟ್ಟು 14.

ಹಂತ 4: ಏನನ್ನು ಜೋಡಿಸುತ್ತಿದ್ದೀರಿ ನೋಡಿ

ಸ್ವರ ಅರ್ಥವನ್ನು ಹೇಳುತ್ತದೆ. ಅದರ ಮುಂದೆ ಬರುವ ವ್ಯಂಜನ, ಜೋಡಣೆ ಎಲ್ಲಿ ಆಗುತ್ತಿದೆ ಎಂದು ಹೇಳುತ್ತದೆ.

ಬರೀ ಸ್ವರ (ಅ, ಎ, ಒ, ಉ) ವಸ್ತು, ವ್ಯಕ್ತಿಗಳನ್ನು ಜೋಡಿಸುತ್ತದೆ. ಮೇಲಿನ ಟೀ, ಕಾಫಿ ಹಾಗೆ.

ಎರಡು ಪೂರ್ತಿ ವಾಕ್ಯಗಳ ನಡುವೆ ‘ಇ’ ಬರುತ್ತದೆ, ಅದಕ್ಕೆ ಜ, ಜೆ, ಜೊ, ಜು ಅಂಟುತ್ತವೆ: ಇಜ, ಇಜೆ, ಇಜೊ, ಇಜು.

ಕರ್ತೃ ಒಬ್ಬರೇ ಇದ್ದು ಕೆಲಸ ಎರಡಾದರೆ ಗಿಹ, ಗಿಹೆ, ಗಿಹೊ, ಗಿಹು:

ಮಿ ಕ್ಲಮ ಲೊ ಜ಼ರ್ಶಿ ಗಿಹೆ ತೆ ವೆಶ್ನು ಲೊ ಪ್ಲಿಸೆ.
ನಾನು ಮಾರ್ಕೆಟ್ಟಿಗೆ ಹೋಗುತ್ತೇನೆ, ಸೇಬು ಕೊಳ್ಳುತ್ತೇನೆ.

ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ನಾವು ಸಹಜವಾಗಿ ‘ಹೋಗಿ ಕೊಳ್ಳುತ್ತೇನೆ’ ಅನ್ನುತ್ತೇವೆ. ಆ ‘ಹೋಗಿ’ಯಲ್ಲಿ ಕ್ರಮವೂ ಇದೆ: ಮೊದಲು ಹೋಗುವುದು, ಆಮೇಲೆ ಕೊಳ್ಳುವುದು. ‘ಗಿಹೆ’ಯಲ್ಲಿ ಅದು ಇಲ್ಲ. ಎರಡೂ ನಿಜ ಎಂದಷ್ಟೇ ಅದು ಹೇಳುತ್ತದೆ. ಕ್ರಮವೂ ಬೇಕಿದ್ದರೆ ‘ಗಿಹೆ ಬ ಬೊ’ ಅನ್ನಬೇಕು. ‘ಬ’ ಅಂದರೆ ಆಮೇಲೆ. ‘ಮಾಡಿ, ನೋಡಿ, ಬಂದು’ ಎಂದು ವಾಕ್ಯ ಹೆಣೆಯುವ ನಮಗೆ ಈ ಜಾಗದಲ್ಲಿ ಎಚ್ಚರ ಬೇಕೇ ಬೇಕು.

ಇನ್ನು ಒಂದು ಪದವನ್ನು ಇನ್ನೊಂದು ಬಣ್ಣಿಸುವ ಕಡೆಯೂ ಜ, ಜೆ, ಜೊ, ಜು ಬರುತ್ತವೆ, ಆದರೆ ‘ಇ’ ಇಲ್ಲದೆ. ಈ ವ್ಯತ್ಯಾಸ ನೋಡಿ:

ಲೊ ಮಿಕ್ಶೆ ಎ ಲೊ ಸಂಗ ಶು ಕ್ಲಮ.
ಲೊ ಮಿಕ್ಶೆ ಜೆ ಸಂಗ ಶು ಕ್ಲಮ.

‘ಮಿಕ್ಶೆ’ ವೈದ್ಯರು, ‘ಸಂಗ’ ಹಾಡುವವರು. ‘ಶು’ ಬಂದರೆ ಮುಂದೆ ಕ್ರಿಯೆ ಶುರು ಎಂದರ್ಥ. ಮೊದಲ ವಾಕ್ಯದಲ್ಲಿ ವೈದ್ಯರೂ ಬರುತ್ತಾರೆ, ಹಾಡುಗಾರರೂ ಬರುತ್ತಾರೆ. ಎರಡನೆಯದರಲ್ಲಿ ಬರುವವರು ವೈದ್ಯರೂ ಹೌದು, ಹಾಡುಗಾರರೂ ಹೌದು. ಕನ್ನಡದಲ್ಲಿ ‘ಡಾಕ್ಟರ್ ಮತ್ತು ಹಾಡುಗಾರರು ಬಂದರು’ ಅಂದರೆ ಒಬ್ಬರೋ ಇಬ್ಬರೋ ಗೊತ್ತಾಗಲ್ಲ. ಗೌರವದ ಬಹುವಚನ ಇನ್ನಷ್ಟು ಮಸುಕು ಮಾಡುತ್ತದೆ. ಲೋಜ್ಬಾನ್‌ನಲ್ಲಿ ಒಂದು ‘ಜ’ಕಾರ ಎಲ್ಲವನ್ನೂ ತಿಳಿಮಾಡುತ್ತದೆ.

ಇತ್ತೀಚೆಗೆ ಕೆಲವರು ವಸ್ತುಗಳ ನಡುವೆಯೂ ‘ಜೆ’ಯನ್ನೇ ಬಳಸುತ್ತಾರೆ. ಕಲಿಯುವಾಗ ಹಳೇ ಕ್ರಮವೇ ಒಳ್ಳೆಯದು. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಅದು ಪ್ರತಿಸಲ ಯೋಚಿಸುವಂತೆ ಮಾಡುತ್ತದೆ.

ಹಂತ 5: ‘ಬಂದರೆ’ ಕಟ್ಟುವುದು

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ‘ಪಾಸಾದರೆ ಸೈಕಲ್ ಕೊಡಿಸ್ತೀನಿ’ ಅಂತ ಅಪ್ಪ ಹೇಳುತ್ತಾರೆ. ಈ ಮಾತು ಯಾವಾಗ ಸುಳ್ಳಾಗುತ್ತದೆ? ಮಗ ಪಾಸಾಗಿ, ಸೈಕಲ್ ಬರದಿದ್ದಾಗ ಮಾತ್ರ. ಫೇಲಾದ ಮೇಲೂ ಪಾಪ ಅಂತ ಕೊಡಿಸಿದರೆ ಅಪ್ಪ ಮಾತು ತಪ್ಪಿದ ಹಾಗಲ್ಲ. ಹಾಗಾಗಿ ಸತಸಸ. ಅಂದರೆ ‘ಪಾಸಾಗಲಿಲ್ಲ, ಅಥವಾ ಸೈಕಲ್ ಬಂತು’. ಮೊದಲ ಮಾತು ತಿರುಗಿಸಿದ ‘ಅ’, ವಾಕ್ಯಗಳ ನಡುವೆ ಹೇಳಿದರೆ ‘ಇನಜ’.

ಶರ್ವಿ ಇನಜ ಮಿ ಸ್ತಲಿ ಲೊ ಜ಼್ದನಿ.
ಮಳೆ ಬಂದರೆ ನಾನು ಮನೆಯಲ್ಲಿರುತ್ತೇನೆ.

ಆದರೆ ಅಪ್ಪ ‘ಪಾಸಾದರೆ ಮಾತ್ರ’ ಅಂದರೆ? ಈಗ ಸೈಕಲ್ ಬಂದು, ಪಾಸಾಗದೆ ಇದ್ದರೆ ಮಾತು ಸುಳ್ಳು: ಸಸತಸ. ಅದು ‘ಇಜನೈ’. ಆ ಮಾತಿನಿಂದ ‘ಪಾಸಾದರೆ ಖಂಡಿತ ಬರುತ್ತದೆ’ ಅಂತ ಮಗ ಅಂದುಕೊಳ್ಳುತ್ತಾನೆ. ತರ್ಕದಲ್ಲಿ ಅದು ಬರುವುದಿಲ್ಲ. ಎರಡೂ ಸೇರಿ ಹೇಳಬೇಕಿದ್ದರೆ, ಅಂದರೆ ಪಾಸಾದರೆ ಖಂಡಿತ, ಇಲ್ಲದಿದ್ದರೆ ಖಂಡಿತ ಇಲ್ಲ, ಆಗ ಸತತಸ. ಅದಕ್ಕೆ ‘ಇಜೊ’. ಮನೆಗಳಲ್ಲಿ ನಡೆಯುವ ಎಷ್ಟೋ ಜಗಳಗಳಲ್ಲಿ ಒಬ್ಬರು ‘ನಜ’ ಹೇಳಿರುತ್ತಾರೆ, ಇನ್ನೊಬ್ಬರು ‘ಜೊ’ ಕೇಳಿಸಿಕೊಂಡಿರುತ್ತಾರೆ.

‘ಇನಜ’ದಲ್ಲಿ ಒಂದು ತೊಡಕಿದೆ. ಮೊದಲ ವಾಕ್ಯ ಪೂರ್ತಿ ಕೇಳಿ, ಅದು ನಿಜ ಎಂದು ನಂಬಿದ ಮೇಲೆ ಅದು ಬರೀ ಷರತ್ತು ಎಂದು ಗೊತ್ತಾಗುತ್ತದೆ. ಅದಕ್ಕಾಗಿ ಮುಂಚೆಯೇ ಸೂಚನೆ ಕೊಡುವ ರೂಪಗಳೂ ಇವೆ: ಗ, ಗೆ, ಗೊ, ಗು. ನಡುವೆ ‘ಗಿ’ ಬರುತ್ತದೆ. ಇಲ್ಲಿ ‘ನೈ’ ತಾನು ತಿರುಗಿಸುವ ಮಾತಿನ ಮುಂದೆಯೇ ಕೂರುತ್ತದೆ.

ಗನೈ ಶರ್ವಿ ಗಿ ಮಿ ಸ್ತಲಿ ಲೊ ಜ಼್ದನಿ.

ಕನ್ನಡದಲ್ಲಿ ‘ಒಂದು ವೇಳೆ’ ಮಾಡುವ ಕೆಲಸವನ್ನು ಇಲ್ಲಿ ‘ಗನೈ’ ಮಾಡುತ್ತದೆ. ‘ಒಂದು ವೇಳೆ ಮಳೆ’ ಅಂದ ಕೂಡಲೇ ‘ಬಂದರೆ’ ಬರಲಿದೆ ಎಂದು ನಮಗೆ ಗೊತ್ತು. ನಾನಂತೂ ಷರತ್ತಿನ ವಾಕ್ಯಗಳಿಗೆ ಈ ರೂಪವನ್ನೇ ಶಿಫಾರಸು ಮಾಡುತ್ತೇನೆ.

‘ಬರಲಿ ಬಿಡಲಿ’ಯಲ್ಲಿ ಪದಗಳ ಕ್ರಮ ನೋಡಿ. ‘ಉ’ ಮೊದಲ ಮಾತನ್ನು ನಿಜ ಅನ್ನುತ್ತದೆ. ಕನ್ನಡದಲ್ಲಿ ಲೆಕ್ಕಕ್ಕಿಲ್ಲದ ಮಾತೇ ಮೊದಲು ಬರುತ್ತದೆ. ಆದ್ದರಿಂದ ಎರಡು ದಾರಿ:

ಮಿ ಬ ಕ್ಲಮ ಇಜು ಶರ್ವಿ.
ಶರ್ವಿ ಇಸೆಜು ಮಿ ಬ ಕ್ಲಮ.

ಎರಡೂ ‘ಮಳೆ ಬರಲಿ ಬಿಡಲಿ, ನಾನು ಬರುತ್ತೇನೆ’ ಎಂದೇ. ಕನ್ನಡದ ಕ್ರಮದಲ್ಲಿ ಯೋಚಿಸಿದರೆ ‘ಸೆ’ ಹಾಕುವುದು ಮರೆಯಬೇಡಿ. ಮರೆತರೆ ‘ಮಳೆ ಖಂಡಿತ ಬರುತ್ತದೆ, ನಾನು ಬಂದರೂ ಬರದಿದ್ದರೂ’ ಎಂದಾಗಿಬಿಡುತ್ತದೆ.

ಇನ್ನೊಂದು ಮಾತು. ‘ನಜ’ಕ್ಕೆ ಕಾರಣದ ಸಂಬಂಧ ಗೊತ್ತಿಲ್ಲ. ಮೊದಲ ಮಾತು ಸುಳ್ಳಾದರೆ ಸಾಕು, ಇಡೀ ವಾಕ್ಯ ಸರಿ. ಕಾರಣವನ್ನೇ ಹೇಳಬೇಕಿದ್ದರೆ ಬೇರೆ ಪದಗಳಿವೆ: ಪ್ರಕೃತಿಯ ಕಾರಣಕ್ಕೆ ‘ರಿಹ’, ಮನಸ್ಸಿನ ಉದ್ದೇಶಕ್ಕೆ ‘ಮುಹಿ’, ಸಮರ್ಥನೆಗೆ ‘ಕಿಹು’, ತರ್ಕದಿಂದ ಬರುವ ತೀರ್ಮಾನಕ್ಕೆ ‘ನಿಹಿ’. ‘ಆದರೆ’ ಎಂಬ ವಿರೋಧಕ್ಕೂ ತರ್ಕದ ಪದವಿಲ್ಲ. ಲೆಕ್ಕದಲ್ಲಿ ‘ಬಡವ ಆದರೆ ಪ್ರಾಮಾಣಿಕ’ ಅಂದರೂ ‘ಬಡವ ಮತ್ತು ಪ್ರಾಮಾಣಿಕ’ ಅಂದರೂ ಒಂದೇ. ಆ ಭಾವ ಬೇಕಿದ್ದರೆ ‘ಜೆ’ ಜೊತೆ ‘ಕುಹಿ’ ಸೇರಿಸಬಹುದು.

ಹಂತ 6: ಪ್ರಶ್ನೆ ಕೇಳಿ

ಲೋಜ್ಬಾನ್‌ನಲ್ಲಿ ಜೋಡಣೆಪದವನ್ನೇ ಕೇಳಬಹುದು. ಇದು ನನಗೆ ತುಂಬಾ ಇಷ್ಟವಾದ ಭಾಗ.

ದೊ ಪಿನ್ಖೆ ಲೊ ಚತಿ ಜಿ ಲೊ ಶ್ಕಫಿ?
ನೀವು ಟೀ ಕುಡೀತೀರಾ, ಕಾಫಿ ಕುಡೀತೀರಾ?

‘ಜಿ’ ಖಾಲಿ ಬಿಟ್ಟ ಜಾಗ. ಉತ್ತರಕ್ಕೆ ಜೋಡಣೆಪದ ಒಂದೇ ಸಾಕು. ‘ಎ’ ಅಂದರೆ ಎರಡೂ ಬೇಕು. ‘ಎನೈ’ ಅಂದರೆ ಟೀ ಮಾತ್ರ. ‘ನ ಎ’ ಅಂದರೆ ಕಾಫಿ ಮಾತ್ರ. ‘ನ ಎನೈ’ ಅಂದರೆ ಏನೂ ಬೇಡ. ‘ಒನೈ’ ಅಂದರೆ ಎರಡರಲ್ಲಿ ಒಂದು, ಯಾವುದಾದರೂ ಸರಿ.

ಹೌದು, ಇಲ್ಲ ಎಂಬ ಉತ್ತರ ಬೇಕಿದ್ದರೆ ವಾಕ್ಯದ ಮೊದಲು ‘ಖು’ ಹಾಕಿ: ಖು ದೊ ಪಿನ್ಖೆ ಲೊ ಚತಿ ಅ ಲೊ ಶ್ಕಫಿ? ಇದು ‘ಟೀ ಕಾಫಿ ಏನಾದರೂ ಕುಡೀತೀರಾ?’ ಎಂಬ ಪ್ರಶ್ನೆ. ಕನ್ನಡದಲ್ಲೂ ಈ ಎರಡು ಪ್ರಶ್ನೆ ಬೇರೆಬೇರೆಯೇ ಅಲ್ವಾ? ‘ಟೀನಾ ಕಾಫೀನಾ’ ಅಂದರೆ ಆಯ್ಕೆ, ‘ಏನಾದರೂ’ ಅಂದರೆ ಹೌದು-ಇಲ್ಲ. ಹಾಗಾಗಿ ಈ ಹಂತ ನಮಗೆ ಬೇಗ ಹಿಡಿತಕ್ಕೆ ಬರುತ್ತದೆ.

ಹಂತ 7: ಮೂರು ಬಂದಾಗ ಗುಂಪು ಮಾಡಿ

ಮಿ ಶಿತ್ಕ ಲೊ ನನ್ಬ ಎ ಲೊ ಪ್ಲಿಸೆ ಅ ಲೊ ಬದ್ನ.

ನಾನು ಬ್ರೆಡ್, ಸೇಬು, ಬಾಳೆಹಣ್ಣು ತಿನ್ನುವ ವಿಚಾರ. ಏನೂ ಹೇಳದಿದ್ದರೆ ಎಡಗಡೆಯಿಂದ ಗುಂಪಾಗುತ್ತದೆ: ಬ್ರೆಡ್ಡೂ ಸೇಬೂ ಒಂದು ಕಡೆ, ಬಾಳೆಹಣ್ಣು ಇನ್ನೊಂದು ಕಡೆ. ಬರೀ ಬಾಳೆಹಣ್ಣು ತಿಂದರೂ ಮಾತು ನಿಜ. ‘ಬ್ರೆಡ್ ಖಂಡಿತ, ಜೊತೆಗೆ ಸೇಬೋ ಬಾಳೆಹಣ್ಣೋ’ ಎನ್ನಬೇಕಿದ್ದರೆ ಹತ್ತಿರ ಸೇರಬೇಕಾದ ಜೋಡಿಯ ನಡುವಿನ ಸ್ವರಕ್ಕೆ ‘ಬೊ’ ಅಂಟಿಸಿ: ಲೊ ನನ್ಬ ಎ ಲೊ ಪ್ಲಿಸೆ ಅ ಬೊ ಲೊ ಬದ್ನ. ಗುಂಪು ದೊಡ್ಡದಾದರೆ ‘ಕೆ’ ತೆರೆಯುವ ಕಂಸ, ‘ಕೆಹೆ’ ಮುಚ್ಚುವ ಕಂಸ. ಅನುಮಾನ ಬಂದರೆ ‘ಶಮ್ಖೆಸ್’ ಎಂಬ ಪಾರ್ಸರ್‌ನಲ್ಲಿ (ವಾಕ್ಯದ ರಚನೆ ಬಿಡಿಸುವ ತಂತ್ರಾಂಶ) ವಾಕ್ಯ ಹಾಕಿ ನೋಡಿ, ಗುಂಪುಗಳನ್ನು ಬಿಡಿಸಿ ತೋರಿಸುತ್ತದೆ. ವಾಕ್ಯದ ರಚನೆ ಸರಿಯೋ ಎಂದು ಅದು ಹೇಳುತ್ತದೆ. ನೀವು ಅಂದುಕೊಂಡ ಅರ್ಥವೇ ಬಂತೇ ಎಂದು ನಾಲ್ಕು ಸಾಲಿನಿಂದ ನೀವೇ ನೋಡಬೇಕು.

ಹಂತ 8: ‘ಇಲ್ಲ’ದ ಬಲೆ

‘ಟೀನೂ ಕಾಫೀನೂ ಕುಡಿಯಲ್ಲ’ ಅಂದರೆ ಎರಡೂ ಇಲ್ಲ ಎಂದೇ ಕನ್ನಡದಲ್ಲಿ ಅರ್ಥ. ಹಾಗೇ ಪದಕ್ಕೆ ಪದ ಹಾಕಿ ‘ಮಿ ನ ಪಿನ್ಖೆ ಲೊ ಚತಿ ಎ ಲೊ ಶ್ಕಫಿ’ ಎಂದರೆ ಕೆಟ್ಟಿತು. ಕ್ರಿಯೆಯ ಮುಂದಿನ ‘ನ’ ಇಡೀ ವಾಕ್ಯವನ್ನೇ ಸುಳ್ಳು ಅನ್ನುತ್ತದೆ. ‘ಎರಡೂ ಕುಡಿಯುತ್ತೇನೆ ಅನ್ನುವುದು ನಿಜವಲ್ಲ’ ಎಂದಾಗುತ್ತದೆ. ತಸಸಸ. ಒಂದನ್ನು ಕುಡಿದರೂ ಮಾತು ನಿಜ. ನಿಮಗೆ ಬೇಕಿದ್ದದ್ದು ತತತಸ, ಅಂದರೆ ‘ಲೊ ಚತಿ ನ ಎನೈ ಲೊ ಶ್ಕಫಿ’. ಇಲ್ಲಿ ಕೆಲಸ ಮಾಡುವುದು ಡಿ ಮಾರ್ಗನ್ ನಿಯಮ: ‘ಎರಡೂ’ ಎಂಬುದರ ಹೊರಗಿನ ‘ಇಲ್ಲ’ವನ್ನು ಒಳಗೆ ತಂದರೆ ‘ಎ’ ಹೋಗಿ ‘ಅ’ ಆಗುತ್ತದೆ.

ಹಂತ 9: ತರ್ಕಕ್ಕೆ ಸೇರದ ‘ಮತ್ತು’ಗಳು

‘ನಾನೂ ನೀನೂ ಮೇಜು ಎತ್ತಿದೆವು.’ ಒಟ್ಟಿಗೆ ಎತ್ತಿದಿರೋ, ಒಬ್ಬೊಬ್ಬರಾಗಿ ಎತ್ತಿದಿರೋ? ‘ಮಿ ಎ ದೊ ಬೆವ್ರಿ ಲೊ ಜುಬ್ಮೆ’ ಅಂದರೆ ಎರಡು ವಾಕ್ಯಕ್ಕೆ ಸಮ: ನಾನು ಹೊತ್ತೆ, ನೀನು ಹೊತ್ತೆ. ಜೊತೆಯಾಗಿ ಹೊತ್ತರೆ ‘ಮಿ ಜೊಯ್ ದೊ’. ಪರೀಕ್ಷೆ ಸುಲಭ. ವಾಕ್ಯವನ್ನು ಎರಡಾಗಿ ಒಡೆಯಿರಿ. ಎರಡೂ ನಿಜವಾಗಿ ಉಳಿದರೆ ‘ಎ’, ಇಲ್ಲದಿದ್ದರೆ ‘ಜೊಯ್’.

ಇನ್ನೊಂದು ಉಪಯೋಗದ ಪದ ‘ಫಹು’: ಮಿ ಫಹು ದೊ ಪಿನ್ಖೆ ಲೊ ಚತಿ ಫಹು ಲೊ ಶ್ಕಫಿ. ನಾನು ಟೀ, ನೀನು ಕಾಫಿ, ಕ್ರಮವಾಗಿ. ಗಣಿತದ ಗಣಕ್ಕೆ ‘ಶೆ’, ಸರಣಿಗೆ ‘ಶೆಹೊ’ ಇವೆ, ಬೇಕಾದಾಗ ಕಲಿತರೆ ಸಾಕು.

ನಿಮ್ಮದೇ ಭಾಷೆ ಕಟ್ಟುವವರಿಗೆ

14 ಬಗೆಯೂ ಬೇಕೆಂದೇನೂ ಇಲ್ಲ. ‘ಎರಡೂ ಅಲ್ಲ’ ಎಂಬಂಥ ಒಂದೇ ಜೋಡಣೆಯಿಂದ ಉಳಿದೆಲ್ಲವನ್ನೂ ಕಟ್ಟಬಹುದು ಎಂದು ತರ್ಕಶಾಸ್ತ್ರಜ್ಞ ಹೆನ್ರಿ ಶೆಫರ್ 1913ರಲ್ಲೇ ತೋರಿಸಿದರು. ಕಾಗದದ ಮೇಲೆ ಅದು ಸರಿ, ಮಾತಾಡಲು ಆಗದು. ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾ ಎಂಬ ಪುಟ್ಟ ಕಟ್ಟಿದ ಭಾಷೆ ಬೇರೆ ತುದಿಯಲ್ಲಿದೆ. ಅಲ್ಲಿ ‘ಅಥವಾ’ಕ್ಕೂ ಆಯ್ಕೆಯ ಪ್ರಶ್ನೆಗೂ ‘ಅನು’ ಎಂಬ ಒಂದೇ ಪದ. ‘ಎನ್’ ಕರ್ತೃಗಳನ್ನು ಮಾತ್ರ ಜೋಡಿಸುತ್ತದೆ. ಕರ್ಮ ಎರಡಿದ್ದರೆ ಕರ್ಮದ ಗುರುತನ್ನೇ ಮತ್ತೆ ಹೇಳುತ್ತಾರೆ. ಚಿಕ್ಕ ಭಾಷೆಗೆ ಅದು ಜಾಣ ಆಯ್ಕೆ.

ನೀವು ಮೊದಲು ತೀರ್ಮಾನಿಸಬೇಕಾದದ್ದು ಗುರುತು ಎಲ್ಲಿ ಕೂರಬೇಕು ಎಂಬುದು. ಲೋಜ್ಬಾನ್ ನಡುವೆ ಇಡುತ್ತದೆ, ಅಥವಾ ಮುಂದೆ ಇಡುತ್ತದೆ. ಕನ್ನಡ ಮೂರನೇ ದಾರಿ ಹಿಡಿದಿದೆ: ‘ರಾಮನೂ ಭೀಮನೂ’, ‘ರಾಮನೋ ಭೀಮನೋ’ ಎಂದು ಪ್ರತಿಯೊಂದಕ್ಕೂ ಹಚ್ಚುತ್ತದೆ. ‘ರಾಮನೋ’ ಅಂದ ಕೂಡಲೇ ಇನ್ನೊಬ್ಬರ ಹೆಸರು ಬರಲಿದೆ ಎಂದು ಕೇಳುವವರಿಗೆ ಗೊತ್ತು. ಅಂತರ್ಜಾಲದಲ್ಲಿ ಹುಟ್ಟುವ ಹೊಸ ಭಾಷೆಗಳಲ್ಲಿ ಎಷ್ಟೋ, ಇಂಗ್ಲಿಷಿನಂತೆ ನಡುವೆ ಒಂದು ಪದ ಇಡುವ ಯುರೋಪಿನ ದಾರಿಯನ್ನೇ ಹಿಡಿಯುತ್ತವೆ. ನಮ್ಮ ಊ, ಓ, ಆ ಪ್ರತ್ಯಯಗಳಿಗೆ ಲೋಜ್ಬಾನ್‌ನ ನಿಖರತೆ ಸೇರಿಸಿದ ಭಾಷೆಯೊಂದನ್ನು ಯಾರಾದರೂ ಕನ್ನಡಿಗರು ಕಟ್ಟಬೇಕು ಎಂಬುದು ನನ್ನ ನಿಜವಾದ ಆಸೆ.

ಅಭ್ಯಾಸ

ಉತ್ತರ ನೋಡುವ ಮೊದಲು ಮೂರಕ್ಕೂ ನಾಲ್ಕು ಸಾಲು ಬರೆಯಿರಿ: ‘ನಾನೂ ಬರಲ್ಲ, ನೀನೂ ಬರಲ್ಲ’, ‘ಮಳೆ ಬಂದರೆ ಮಾತ್ರ ಮನೇಲಿರ್ತೀನಿ’, ‘ಟೀ ಇಲ್ಲವೇ ಕಾಫಿ, ಒಂದೇ ಕುಡೀತೀನಿ’.

ಮಿ ನ ಎನೈ ದೊ ಕ್ಲಮ. (ತತತಸ)
ಶರ್ವಿ ಇಜನೈ ಮಿ ಸ್ತಲಿ ಲೊ ಜ಼್ದನಿ. (ಸಸತಸ)
ಮಿ ಪಿನ್ಖೆ ಲೊ ಚತಿ ಒನೈ ಲೊ ಶ್ಕಫಿ. (ತಸಸತ)